ಮಲೆನಾಡಿನ ಮನೆಗೆ ಜರ್ಮನ್ ಸೆಡಾನ್: ತರುವ ಮೊದಲು, ತಂದ ಮೇಲೆ

ಶೋರೂಮಿಗೆ ಫೋನ್ ಮಾಡುವ ಮೊದಲು ಒಂದು ಟೇಪ್ ಹಿಡಿದು ನಿಮ್ಮ ಮನೆ ದಾರಿಗೆ ಇಳಿಯಿರಿ. ಟಾರ್ ರೋಡಿನಿಂದ ಅಂಗಳದ ತನಕ ನಡೆದುಕೊಂಡು ಬನ್ನಿ. ಎಲ್ಲಿ ಮಳೆನೀರು ಕೊರೆದಿದೆ, ಎಲ್ಲಿ ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಚಕ್ರದ ಜಾಡು ಇಳಿದು ನಡುವೆ ಮಣ್ಣು ದಿಂಡಾಗಿ ಎದ್ದಿದೆ, ಎಲ್ಲಿ ಏರು ಮುಗಿದ ಕೂಡಲೇ ದಾರಿ ಕೆಳಗೆ ಬೀಳುತ್ತದೆ, ಅದನ್ನೆಲ್ಲ ಅಳೆದು ಬರೆದಿಟ್ಟುಕೊಳ್ಳಿ. ಈ ಕಾರುಗಳ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗವೂ ಇರುವುದಿಲ್ಲ. ಅದೂ ಕಾರು ಖಾಲಿ ಇದ್ದಾಗ. ಅಪ್ಪಯ್ಯ, ಅಮ್ಮ, ಭಾವ ಮೂವರೂ ಹಿಂದೆ ಕೂತು ಡಿಕ್ಕಿಯಲ್ಲಿ ಒಂದು ಚೀಲ ಅಕ್ಕಿ ಇಟ್ಟರೆ ಇನ್ನೂ ಕೆಳಗೆ ಇಳಿಯುತ್ತದೆ.

ನಾನು ಹೇಳಬೇಕು ಅಂತಿರುವುದು ಇಷ್ಟೇ. ನಮ್ಮ ಕಡೆಯವರು ಈ ಕಾರನ್ನು ಬೆಂಗಳೂರಿನ ಶೋರೂಮಿನ ನುಣ್ಣನೆ ನೆಲದ ಮೇಲೆ ನೋಡಿ ಆರಿಸಬಾರದು. ನಮ್ಮ ದಾರಿ, ನಮ್ಮ ಮಳೆ ನೋಡಿ ಆರಿಸಬೇಕು.

ಅದಕ್ಕೇ ಟೆಸ್ಟ್ ಡ್ರೈವ್ ಗಾಡಿಯನ್ನು ಮನೆಗೇ ತನ್ನಿ ಅಂತ ಕೇಳಿ. ಸಂಕೋಚ ಬೇಡ. ಇಷ್ಟು ದುಡ್ಡಿನ ಕಾರು ಮಾರುವವರಿಗೆ ಅದು ದೊಡ್ಡ ಕೆಲಸ ಅಲ್ಲ. ಬಂದಾಗ ಒಬ್ಬರೇ ಓಡಿಸಿ ನೋಡಬೇಡಿ, ಐದು ಜನ ತುಂಬಿಸಿ, ನಿಮ್ಮ ಊರಿನ ಅತಿ ಕೆಟ್ಟ ಹಂಪ್ ಮೇಲೆ ನಿಧಾನಕ್ಕೆ ಹತ್ತಿಸಿ ಇಳಿಸಿ. ಒಬ್ಬರು ಹೊರಗೆ ನಿಂತು ಬಗ್ಗಿ ನೋಡಲಿ. ಇಲ್ಲಿ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಬಹಳ ಮುಖ್ಯ. ಬಿಎಂಡಬ್ಲ್ಯು 3 ಸೀರೀಸ್ ನಮ್ಮ ದೇಶದಲ್ಲಿ ಉದ್ದ ಮಾಡಿ ಮಾರುವ ಕಾರು, ಅದರ ವೀಲ್‌ಬೇಸ್ 2961 ಮಿ.ಮೀ. ಮರ್ಸಿಡಿಸ್ ಸಿ-ಕ್ಲಾಸ್‌ನದ್ದು 2865. ಒಂದು ದರ್ಜೆ ಮೇಲೆ ಹೋದರೆ ಇ-ಕ್ಲಾಸ್, 5 ಸೀರೀಸ್ ಎರಡೂ ಇಲ್ಲಿ 3 ಮೀಟರ್ ದಾಟಿವೆ. ಹಿಂದೆ ಕೂತವರಿಗೆ ಕಾಲು ಚಾಚಲು ಬಹಳ ಸುಖ, ನಿಜ. ಆದರೆ ಚಕ್ರಗಳ ನಡುವೆ ದೂರ ಜಾಸ್ತಿ ಆದಷ್ಟೂ ಹಂಪಿನ ನೆತ್ತಿ ಕಾರಿನ ಹೊಟ್ಟೆಗೆ ಬೇಗ ತಾಗುತ್ತದೆ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ತಿರುಗಿಸಲು ಜಾಗವೂ ಜಾಸ್ತಿ ಬೇಕು. ಶಿವಮೊಗ್ಗ ಪೇಟೆಯಲ್ಲೇ ಮನೆ ಇದ್ದು, ಹೆಚ್ಚಾಗಿ ಬೆಂಗಳೂರು ರೋಡಲ್ಲೇ ಓಡಾಟ ಅಂದರೆ ಉದ್ದದ ಕಾರು ಧಾರಾಳವಾಗಿ ತಗೊಳ್ಳಿ. ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಒಳಗೆ ತೋಟದ ಮನೆ ಅಂದರೆ ನನ್ನ ಮಾತು ಕೇಳಿ, ವೀಲ್‌ಬೇಸ್ ಕಡಿಮೆ ಇರುವ ಕಾರೇ ಇರಲಿ.

ಚಕ್ರದ ವಿಷಯಕ್ಕೂ ಇದೇ ಮಾತು. 18, 19 ಇಂಚಿನ ರಿಮ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಟೈರಿನ ರಬ್ಬರ್ ಪಕ್ಕ ತೆಳ್ಳಗಾದಷ್ಟೂ ಗುಂಡಿಯ ಪೆಟ್ಟು ನೇರ ರಿಮ್ಮಿಗೆ ಬೀಳುತ್ತದೆ. 17 ಇಂಚು ಸಿಗುವ ವೇರಿಯಂಟ್ ಇದ್ದರೆ ಅದನ್ನೇ ಕೇಳಿ. ರನ್‌ಫ್ಲಾಟ್ ಟೈರ್ ಇದೆಯಾ, ಸ್ಟೆಪ್ನಿ ಇದೆಯಾ ಅಂತಲೂ ಕೇಳಿ. ರನ್‌ಫ್ಲಾಟ್ ಅಂದರೆ ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ದೂರ ಓಡುತ್ತದೆ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರಲು ಸಾಕು. ಆದರೆ ಪಕ್ಕ ಹರಿದ ಟೈರನ್ನು ನಮ್ಮೂರಿನ ಪಂಕ್ಚರ್ ಅಂಗಡಿಯಲ್ಲಿ ಸರಿ ಮಾಡಲು ಆಗುವುದಿಲ್ಲ, ಹೊಸದು ದೂರದಿಂದ ತರಿಸಬೇಕು. ಟೈರ್‌ಗೆ ಇನ್ಶೂರೆನ್ಸ್ ಆಡ್-ಆನ್ ಸಿಗುತ್ತದೆ, ನಮ್ಮ ರೋಡಿಗೆ ಅದು ದಂಡ ಅಲ್ಲ.

ಪೆಟ್ರೋಲೋ ಡೀಸೆಲೋ? ದಿನಾ ಮನೆಯಿಂದ ಪೇಟೆಗೆ ಐದು ಕಿ.ಮೀ. ಹೋಗಿ ಬರುವವರಿಗೆ ಡೀಸೆಲ್ ಬೇಡ. ಈಗಿನ ಬಿಎಸ್6 (ಹೊಗೆ ಮಿತಿಯ ಸರ್ಕಾರಿ ನಿಯಮ) ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಆ ಮಸಿ ಸುಟ್ಟು ಹೋಗಬೇಕಾದರೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಶಿವಮೊಗ್ಗದ ಗಾಂಧಿ ಬಜಾರ್ ಸುತ್ತಿ ಮನೆಗೆ ಬಂದರೆ ಅದು ಸುಡುವುದೇ ಇಲ್ಲ, ಕಟ್ಟಿಕೊಳ್ಳುತ್ತದೆ. ತಿಂಗಳಿಗೆ ನಾಲ್ಕು ಸಲ ಬೆಂಗಳೂರಿಗೆ ಹೋಗುವವರಾದರೆ ಡೀಸೆಲ್ ಬಹಳ ಒಳ್ಳೆಯದು, ಘಾಟಿ ಹತ್ತುವಾಗಂತೂ ಅದರ ಎಳೆತವೇ ಬೇರೆ. ಆದರೆ ಆಡ್‌ಬ್ಲೂ, ಅಂದರೆ ಡೀಸೆಲ್ ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವ ದ್ರವ, ಖಾಲಿಯಾಗಲು ಬಿಡಬೇಡಿ. ಪೂರ್ತಿ ಮುಗಿದರೆ ಕಾರು ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಆಡಿ ಬೇಕು ಅಂದರೆ ಈ ಯೋಚನೆಯೇ ಇಲ್ಲ, 2020ರಲ್ಲಿ ಬಿಎಸ್6 ಬಂದಾಗಲೇ ಅವರು ಇಲ್ಲಿ ಡೀಸೆಲ್ ನಿಲ್ಲಿಸಿದರು.

ಇನ್ನು ದುಡ್ಡು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಹಳೆಯ 28% ಜಿಎಸ್‌ಟಿ ಮತ್ತು ಸೆಸ್ ಹೋಗಿ ಒಂದೇ 40% ಆಗಿದೆ. ಅದು ಎಕ್ಸ್ ಶೋರೂಮ್ ಬೆಲೆಯಲ್ಲೇ ಸೇರಿರುತ್ತದೆ. ಜನ ಮರೆಯುವುದು ನಮ್ಮ ರಾಜ್ಯದ ರೋಡ್ ಟ್ಯಾಕ್ಸ್. 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ 18%, ಅದರ ಮೇಲೆ ಸೆಸ್ ಸೇರಿ ಹೆಚ್ಚುಕಡಿಮೆ 20% ಬೀಳುತ್ತದೆ. 60 ಲಕ್ಷದ ಕಾರಿಗೆ ಇದೊಂದೇ 12 ಲಕ್ಷದ ಹತ್ತಿರ. ಇದರ ಜೊತೆ 10 ಲಕ್ಷ ಮೀರಿದ ಕಾರಿಗೆ 1% ಟಿಸಿಎಸ್, ಅಂದರೆ ಮಾರುವವರೇ ಮುಂಗಡ ವಸೂಲಿ ಮಾಡುವ ಇನ್‌ಕಮ್ ಟ್ಯಾಕ್ಸ್, ಹಿಡಿಯುತ್ತಾರೆ. ಇದು ನಿಮ್ಮ ಪ್ಯಾನ್ ಲೆಕ್ಕದಲ್ಲಿ ಬರುವ ದುಡ್ಡು, ಹೋಗಿಯೇ ಹೋಯಿತು ಅಂತ ಬಿಡಬೇಡಿ. ತೋಟದ ಆದಾಯ ಮಾತ್ರ ಇದ್ದು ರಿಟರ್ನ್ ಹಾಕುವ ಅಭ್ಯಾಸ ಇಲ್ಲದವರು ನಮ್ಮಲ್ಲಿ ಜಾಸ್ತಿ. ಆ ವರ್ಷ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ಕಾರು ಬೆಂಗಳೂರಲ್ಲಿ ಕೊಂಡರೂ ಟೆಂಪರರಿ ರಿಜಿಸ್ಟ್ರೇಷನ್ ಮೇಲೆ ತಂದು ಇಲ್ಲೇ ಕೆಎ-14 ನಂಬರ್ ಮಾಡಿಸಬಹುದು.

ಇನ್ಶೂರೆನ್ಸ್‌ನಲ್ಲಿ ಉಳಿಸಲು ಹೋಗಬೇಡಿ. ಜೀರೋ ಡೆಪ್ರಿಸಿಯೇಷನ್ (ಬಿಡಿಭಾಗದ ಸವಕಳಿ ಕಳೆಯದೆ ಕೊಡುವ ಆಡ್-ಆನ್) ಬೇಕು, ಎಂಜಿನ್ ಪ್ರೊಟೆಕ್ಟ್ ಬೇಕೇ ಬೇಕು. ಎಂಜಿನ್ ಒಳಗೆ ನೀರು ಹೋಗಿ ಕೆಟ್ಟರೆ ಸಾಮಾನ್ಯ ಪಾಲಿಸಿ ಕೊಡುವುದಿಲ್ಲ.

ಬುಕ್ ಮಾಡುವ ಮೊದಲು ಇನ್ನೊಂದು ಪ್ರಶ್ನೆ. ಕಾರು ಕೆಟ್ಟು ನಿಂತರೆ ಅದು ಯಾವ ಊರಿನ ವರ್ಕ್‌ಶಾಪಿಗೆ ಹೋಗುತ್ತದೆ? ಬೆಂಗಳೂರಾದರೆ ಶಿವಮೊಗ್ಗದಿಂದ ಸುಮಾರು 300 ಕಿ.ಮೀ., ಮಂಗಳೂರಾದರೆ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸುತ್ತಾರೆ, ಹಾಗಾಗಿ ಕಾರು ಹೊತ್ತ ಫ್ಲಾಟ್‌ಬೆಡ್ ಲಾರಿ ಸುತ್ತಿ ಬಳಸಿ ಹೋಗಬೇಕಾಗಬಹುದು. ರೋಡ್‌ಸೈಡ್ ಅಸಿಸ್ಟೆನ್ಸ್ ಎಷ್ಟು ಕಿ.ಮೀ. ತನಕ ಪುಕ್ಕಟೆ, ನಿಮ್ಮ ಊರಿನ ಪಿನ್‌ಕೋಡ್‌ಗೆ ಬರುತ್ತಾರಾ, ಇದನ್ನು ಬಾಯಿಮಾತಲ್ಲಿ ಬೇಡ, ಮೇಲ್‌ನಲ್ಲಿ ಬರೆಸಿಕೊಳ್ಳಿ. ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ಆಗಲೇ ಮಾತಾಡಿ, ಸೇಲ್ಸ್‌ನವರು ಬೆಲೆ ಇಳಿಸುವುದು ಬುಕಿಂಗ್ ಮೊದಲು ಮಾತ್ರ.

ಡೆಲಿವರಿ ದಿನ ಹಾರ, ತೆಂಗಿನಕಾಯಿ ಎಲ್ಲ ಆಮೇಲೆ. ಮೊದಲು ಎಲ್ಲ ಟೈರಿನ, ಸ್ಟೆಪ್ನಿ ಇದ್ದರೆ ಅದರದ್ದೂ, ಪಕ್ಕದ ನಾಲ್ಕು ಅಂಕಿ ಓದಿ. 2325 ಅಂತಿದ್ದರೆ 2025ರ 23ನೇ ವಾರ ಮಾಡಿದ ಟೈರ್. ಕಾರು ತಯಾರಾದ ತಿಂಗಳು ದುಡ್ಡು ಕೊಡುವ ಮೊದಲೇ ಕಾಗದದ ಮೇಲೆ ನೋಡಿರಬೇಕು.

ಕಾರು ಮನೆಗೆ ಬಂತು. ಈಗ ಮಳೆ ವಿಷಯ, ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನನಗೆ ಕೈ ಸುಟ್ಟಿದೆ.

ನಮ್ಮ ಕಾರು ನಿಲ್ಲುವುದು ಹಲಸಿನ ಮರದ ಪಕ್ಕ. ಎರಡನೇ ಮಳೆಗಾಲ, ಜುಲೈ. ಕಾರಿನ ಬಾಗಿಲು ತೆಗೆದರೆ ಒದ್ದೆ ಗೋಣಿ ವಾಸನೆ. ಎಸಿ ವಾಸನೆ ಇರಬೇಕು ಅಂತ ಹದಿನೈದು ದಿನ ಬಿಟ್ಟೆ. ಆಮೇಲೆ ಎಡಗಡೆ ಮ್ಯಾಟ್ ಎತ್ತಿ ಕಾರ್ಪೆಟ್ ಒತ್ತಿದರೆ ನೀರು ಚಿಮ್ಮಿತು. ಆಗಿದ್ದು ಏನೆಂದರೆ, ಮುಂದಿನ ಗ್ಲಾಸಿನ ಬುಡದಲ್ಲಿ, ವೈಪರ್ ಇರುವ ಜಾಗದಲ್ಲಿ ಒಂದು ತೊಟ್ಟಿ ಇದೆ. ಗ್ಲಾಸಿನ ಮೇಲಿನ ನೀರೆಲ್ಲ ಅಲ್ಲಿ ಇಳಿದು ಎರಡು ಕಡೆಯ ತೂತಿನಿಂದ ಕೆಳಗೆ ಹೋಗಬೇಕು. ಎಲೆ ಕೊಳೆತು ಆ ತೂತು ಮುಚ್ಚಿತ್ತು. ನೀರು ತೊಟ್ಟಿಯಲ್ಲಿ ಏರಿ ಎಸಿ ಗಾಳಿ ದಾರಿಯಿಂದ ಒಳಗೆ ಬಂತು. ಈ ಕಾರುಗಳಲ್ಲಿ ವೈರಿಂಗ್, ಕಂಟ್ರೋಲ್ ಪೆಟ್ಟಿಗೆಗಳು ಕಾರ್ಪೆಟ್ ಕೆಳಗೆ, ಸೀಟಿನ ಅಡಿ ಇರುತ್ತವೆ. ನಮ್ಮದರಲ್ಲಿ ಒಂದು ಹೋಯಿತು. ಹಿಂದಿನ ತಿಂಗಳಷ್ಟೇ ಸರ್ವೀಸ್ ಮಾಡಿದ್ದ ವರ್ಕ್‌ಶಾಪಿನವರು ಆ ತೂತು ನೋಡಿಯೇ ಇರಲಿಲ್ಲ. ಇನ್ಶೂರೆನ್ಸ್‌ನವರು ಇದು ಆಕ್ಸಿಡೆಂಟ್ ಅಲ್ಲ, ನೋಡಿಕೊಳ್ಳದೆ ಆಗಿದ್ದು ಅಂದರು. ಪೂರ್ತಿ ನಾನೇ ಕೊಟ್ಟೆ.

ಅದಕ್ಕೇ ಹೇಳುತ್ತಿದ್ದೇನೆ, ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಹದಿನೈದು ದಿನಕ್ಕೊಮ್ಮೆ ಬಾನೆಟ್ ಎತ್ತಿ ಆ ಜಾಗದ ಎಲೆ ಕೈಯಿಂದ ತೆಗೆಯಿರಿ. ಒಂದು ಚೊಂಬು ನೀರು ಹುಯ್ಯಿರಿ, ಕಾರಿನ ಕೆಳಗೆ ಸರಾಗ ಇಳಿಯಬೇಕು. ಸನ್‌ರೂಫ್‌ಗೂ ಹೀಗೇ. ಅದರ ಚೌಕಟ್ಟಿನ ಮೂಲೆಗಳಲ್ಲಿ ಸಣ್ಣ ಪೈಪಿನ ಬಾಯಿ ಇದೆ, ಅರ್ಧ ಲೋಟ ನೀರು ನಿಧಾನಕ್ಕೆ ಹುಯ್ದರೆ ಚಕ್ರದ ಹತ್ತಿರ ಹೊರಗೆ ಬರಬೇಕು. ಬರದಿದ್ದರೆ ತಂತಿ ತುರುಕಬೇಡಿ, ಪೈಪು ಒಳಗೇ ಕಳಚಿಕೊಂಡರೆ ಸೀಲಿಂಗ್ ಬಿಚ್ಚಬೇಕಾಗುತ್ತದೆ. ವರ್ಕ್‌ಶಾಪಿಗೆ ಬಿಡಿ.

ಲೆದರ್ ಸೀಟಿಗೆ ಬೂಷ್ಟು ಹಿಡಿಯುವುದು ನಮ್ಮಲ್ಲಿ ಗ್ಯಾರಂಟಿ. ಒದ್ದೆ ಕೊಡೆ, ಕಂಬಳಿ ಒಳಗೆ ಬಿಡಬೇಡಿ. ಎರಡು ದಿನಕ್ಕೊಮ್ಮೆ ಎಸಿ ಹಾಕಿ ಹತ್ತಿಪ್ಪತ್ತು ನಿಮಿಷ ಓಡಿಸಿ, ಚಳಿ ಆದರೆ ಬಿಸಿ ಗಾಳಿಯ ಜೊತೆಗೇ ಎಸಿ ಹಾಕಿ, ಒಳಗಿನ ತೇವ ಎಳೆಯುವುದು ಎಸಿಯೇ. ಬೇರೆ ಊರಿಗೆ ಹೋಗಿ ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಬ್ಯಾಟರಿ ಮೇಂಟೇನರ್ ಚಾರ್ಜರ್ ಒಂದನ್ನು ಕೊಳ್ಳಿ. ಬ್ಯಾಟರಿ ಸತ್ತರೆ ಸಿಕ್ಕಿದ ಬ್ಯಾಟರಿ ಹಾಕಿಸಬೇಡಿ. ಇವಕ್ಕೆ ಎಜಿಎಂ ಅನ್ನುವ ಬೇರೆ ಜಾತಿಯ ಬ್ಯಾಟರಿ ಬೇಕು, ಎಷ್ಟೋ ಮಾಡೆಲ್‌ಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಅಂತ ಕಂಪ್ಯೂಟರ್ ಇಟ್ಟು ಕಾರಿಗೆ ತಿಳಿಸಬೇಕು. ಈಗಿನ ಸಿ-ಕ್ಲಾಸ್‌ನಲ್ಲಿ 48 ವೋಲ್ಟಿನ ಇನ್ನೊಂದು ಸಿಸ್ಟಮ್ಮೇ ಇದೆ, ಅದಕ್ಕೆ ಊರಿನ ಎಲೆಕ್ಟ್ರಿಷಿಯನ್ ಕೈ ಹಾಕುವುದು ಬೇಡ.

ಎಂಜಿನ್ ಆಯಿಲ್ ಕೂಡ ಹಾಗೇ. ಮ್ಯಾನ್ಯುಯಲ್‌ನಲ್ಲಿ ಬರೆದ ಕಾರು ಕಂಪನಿಯ ಅಪ್ರೂವಲ್ ನಂಬರ್ ಡಬ್ಬಿಯ ಮೇಲೆ ಇರಲೇಬೇಕು, ಬರೀ 5ಡಬ್ಲ್ಯು-30 ಅಂತ ಆಯಿಲ್ ಎಷ್ಟು ದಪ್ಪ ಅನ್ನುವುದನ್ನು ನೋಡಿದರೆ ಸಾಲದು. ಬಿಎಂಡಬ್ಲ್ಯು, ಆಡಿಯ ಹಲವು ಎಂಜಿನ್‌ಗಳಲ್ಲಿ ಆಯಿಲ್ ನೋಡುವ ಕಡ್ಡಿಯೇ ಇಲ್ಲ, ಸ್ಕ್ರೀನಿನಲ್ಲೇ ನೋಡಬೇಕು. ತಿಂಗಳಿಗೊಮ್ಮೆ ನೋಡಿ, ಘಾಟಿ ದಾರಿಗೆ ಒಂದು ಲೀಟರ್ ಡಿಕ್ಕಿಯಲ್ಲಿ ಇರಲಿ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೀರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ, ಕುದ್ದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ವರ್ಷದ ಅರ್ಧ ತೇವದಲ್ಲೇ ಇರುವ ಊರು, ಅದರ ಮೇಲೆ ಘಾಟಿ ಇಳಿಯುವ ಕಾರು. ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಿ, ಕಿ.ಮೀ. ಎಷ್ಟೇ ಕಡಿಮೆ ಓಡಿರಲಿ. ಆಗುಂಬೆ, ಹುಲಿಕಲ್ ಘಾಟಿ ಇಳಿಯುವಾಗ ಡಿ ಗೇರಲ್ಲಿ ಬಿಟ್ಟು ಬ್ರೇಕ್ ತುಳಿಯುತ್ತಾ ಹೋಗಬೇಡಿ. ಸ್ಟೀರಿಂಗ್ ಹಿಂದಿನ ಎಡಗಡೆ ಪ್ಯಾಡಲ್ ಎಳೆದು ಎರಡು ಮೂರನೇ ಗೇರಿಗೆ ತನ್ನಿ, ಎಂಜಿನ್ನೇ ಹಿಡಿಯುತ್ತದೆ.

ಮಳೆಯಲ್ಲಿ ವಾರಗಟ್ಟಲೆ ನಿಂತ ಕಾರಿನ ಬ್ರೇಕ್ ಪ್ಯಾಡ್ ಡಿಸ್ಕಿಗೆ ಕಚ್ಚಿಕೊಳ್ಳುತ್ತದೆ. ಜಾಸ್ತಿ ದಿನ ನಿಲ್ಲಿಸುವುದಾದರೆ ಸಮತಟ್ಟು ಜಾಗದಲ್ಲಿ ಪಿ ಗೇರಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಿ.

ತೋಟದವರಿಗೆ ಇನ್ನೆರಡು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಕಾರನ್ನು ಗಾಳಿಯ ಮೇಲ್ಬದಿಗೆ ದೂರ ನಿಲ್ಲಿಸಿ. ಸುಣ್ಣ, ಮೈಲುತುತ್ತದ ಹನಿ ಒಣಗಿದರೆ ಪೇಂಟಿನ ಮೇಲೆ ಕಲೆ ಗಟ್ಟಿಯಾಗುತ್ತದೆ. ಬಿದ್ದರೆ ಆಗಲೇ ಧಾರಾಳ ನೀರು ಹಾಕಿ, ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಅಡಿಕೆ ಬೇಯಿಸುವ ಕಾಲದಲ್ಲಿ ಚೊಗರು (ಅಡಿಕೆ ಬೇಯಿಸಿದ ಕೆಂಪು ನೀರು) ಮೆತ್ತಿದ ಕೈ, ಬಟ್ಟೆ ತಿಳಿ ಬಣ್ಣದ ಸೀಟಿಗೆ ತಾಗಿದರೆ ಹೋಗುವುದೇ ಇಲ್ಲ. ಒಳಗಿನ ಬಣ್ಣ ಕಪ್ಪು ಅಥವಾ ಗಾಢ ಕಂದು ಆರಿಸಿ. ಇಲಿ ಕಾಟಕ್ಕೆ ಭತ್ತ, ಅಡಿಕೆ, ಹಿಂಡಿ ಇಡುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸದಿರುವುದೇ ದೊಡ್ಡ ಉಪಾಯ. ರಾತ್ರಿ ಬಾನೆಟ್ ತೆರೆದಿಟ್ಟು ಒಳಗೆ ಬೆಳಕು ಬೀಳುವಂತೆ ಒಂದು ಬಲ್ಬ್ ಹಾಕಿದ ಮೇಲೆ ನಮ್ಮಲ್ಲಿ ಕಡಿಮೆಯಾಗಿದೆ.

ಕೊನೆಯದು, ನೀರು ನಿಂತ ರೋಡು. ಹಳ್ಳ ರೋಡಿನ ಮೇಲೆ ಹರಿಯುತ್ತಿದ್ದರೆ, ಮುಂದಿನ ಜೀಪು ದಾಟಿತು ಅಂತ ನೀವು ಇಳಿಯಬೇಡಿ. ಅಕಸ್ಮಾತ್ ನೀರಿನ ನಡುವೆ ಎಂಜಿನ್ ನಿಂತರೆ ಸ್ಟಾರ್ಟ್ ಬಟನ್ ಮತ್ತೆ ಒತ್ತಲೇಬೇಡಿ, ಎಂಜಿನ್ ಪೂರ್ತಿ ಹಾಳಾಗುವುದು ಆ ಎರಡನೇ ಸಲಕ್ಕೇ. ನ್ಯೂಟ್ರಲ್‌ಗೆ ಹಾಕಿ, ಜನ ಸೇರಿಸಿ ಹಿಂದಕ್ಕೆ ತಳ್ಳಿಸಿ. ಎಳೆಸಬೇಕಾದರೆ ಹಗ್ಗವನ್ನು ಬಂಪರಿಗೋ ಕೆಳಗಿನ ಕಬ್ಬಿಣಕ್ಕೋ ಕಟ್ಟಬೇಡಿ. ಡಿಕ್ಕಿಯ ಟೂಲ್ ಜಾಗದಲ್ಲಿ ಒಂದು ಕೊಕ್ಕೆ ಇರುತ್ತದೆ, ಬಂಪರಿನ ಸಣ್ಣ ಚೌಕದ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೂರಿಸಬೇಕು. ನೀರಿನಿಂದ ಹೊರಗೆ ಬರುವಷ್ಟು ದೂರ ಮಾತ್ರ ಎಳೆಸಿ, ಆಮೇಲೆ ಫ್ಲಾಟ್‌ಬೆಡ್ ಬರುವ ತನಕ ಕಾಯಿರಿ. ಆ ಕೊಕ್ಕೆ ಎಲ್ಲಿದೆ ಅಂತ ಡೆಲಿವರಿ ದಿನವೇ ಕೇಳಿ, ಒಂದು ಸಲ ನೀವೇ ಹಾಕಿ ತೆಗೆದು ನೋಡಿ.