ಯಾರ ಕೈಕೆಳಗೆ ಕಲಿತದ್ದು?

ನಮ್ಮ ಕಟ್ಟಡ ಕಾರ್ಮಿಕರ ಸಂಘ ಒಡೆಯುವ ಮಟ್ಟಕ್ಕೆ ಬಂದಿದ್ದು ಐದು ಸಾವಿರ ರೂಪಾಯಿಯಿಂದ. ಅದೂ ಸಂಘದ ದುಡ್ಡಲ್ಲ, ಸರ್ಕಾರದ್ದು.

2020ರ ಲಾಕ್‌ಡೌನ್‌ನಲ್ಲಿ ಕಾರ್ಮಿಕ ಕಾರ್ಡ್, ಅಂದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್, ಇದ್ದವರ ಖಾತೆಗೆ ಮೊದಲು ಎರಡು ಸಾವಿರ, ಆಮೇಲೆ ಮೂರು ಸಾವಿರ ಬಂತು. ಕಲಸು (ಸಿಮೆಂಟು ಮರಳಿನ ಗಾರೆ) ಕಲಸುವ, ಇಟ್ಟಿಗೆ ಹೊರುವ ಕೈಯಾಳುಗಳಲ್ಲಿ ಸುಮಾರು ಜನರ ಹತ್ತಿರ ಕಾರ್ಡ್ ಇತ್ತು. ಅವರಿಗೆ ದುಡ್ಡು ಬಂತು. ಮೂವತ್ತು ವರ್ಷ ಕರಣೆ ಹಿಡಿದ ನಮ್ಮ ಹಿರಿಯ ಮೇಸ್ತ್ರಿಗಳಲ್ಲಿ ಎಷ್ಟೋ ಜನಕ್ಕೆ ಬರಲಿಲ್ಲ. ಅವರು ಕಾರ್ಡೇ ಮಾಡಿಸಿರಲಿಲ್ಲ. "ಕೂಲಿ ಕಾರ್ಡ್ ನಂಗ್ಯಾಕೆ ಮಾರಾಯ, ನಾನು ಮೇಸ್ತ್ರಿ" ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದರು. ಈಗ ಅವರ ಕಲಸಿಗೆ ನೀರು ಹಾಕುತ್ತಿದ್ದ ಹೆಣ್ಣಾಳಿನ ಮೊಬೈಲಿಗೆ ಬ್ಯಾಂಕಿನ ಮೆಸೇಜು. ಇವರ ಮೊಬೈಲು ಸುಮ್ನೆ.

ನಾನು ಶಿವಮೊಗ್ಗದಲ್ಲಿ ಗಾರೆ ಮೇಸ್ತ್ರಿ. ಸಂಘದ ಕಾರ್ಯದರ್ಶಿಯೂ ಹೌದು. 1926ರ ಟ್ರೇಡ್ ಯೂನಿಯನ್ ಕಾಯ್ದೆ ಪ್ರಕಾರ ಆಗ ಏಳು ಜನ ಸಹಿ ಹಾಕಿ ಸಂಘದ ನೋಂದಣಿಗೆ ಅರ್ಜಿ ಕೊಡಬಹುದಿತ್ತು. ನಾವೂ ಹಾಗೇ ಶುರು ಮಾಡಿದ್ದು. ಏಳೂ ಜನ ಮೇಸ್ತ್ರಿಗಳೇ. ಕಾರ್ಡಿಗೆ ಬೇಕಾದ ಪತ್ರಕ್ಕೆ ಸಂಘದಲ್ಲಿ ಸಹಿ ಸಿಗುತ್ತಿತ್ತಲ್ಲ, ನಲವತ್ತು ಚಿಲ್ಲರೆ ಜನರಿದ್ದ ಸಂಘ ಆ ಐದು ಸಾವಿರದ ಸುದ್ದಿ ಹರಡಿದ ಮೇಲೆ ಕೆಲವೇ ತಿಂಗಳಲ್ಲಿ ಮುನ್ನೂರು ದಾಟಿತು. ಹೆಣ್ಣಾಳು, ಗಂಡಾಳು, ಸೆಂಟ್ರಿಂಗಿನವರು, ಬಾರ್ ಬೆಂಡಿಂಗಿನವರು, ಬಯಲುಸೀಮೆಯಿಂದ ಬಂದು ಸೈಟಿನಲ್ಲೇ ಶೆಡ್ ಹಾಕಿಕೊಂಡವರು, ಬಿಹಾರದ ಟೈಲ್ಸ್ ಹುಡುಗರು. ನನಗೆ ಖುಷಿಯೋ ಖುಷಿ. ಹಳಬರು ಮುಖ ಗಂಟು ಹಾಕಿಕೊಂಡು ಕೂತಿದ್ದನ್ನು ಕಂಡೂ ಕಾಣದವನ ಹಾಗಿದ್ದೆ.

ಆ ವರ್ಷದ ಆಯುಧಪೂಜೆಗೆ ಸಂಘದ ಆಫೀಸಿನಲ್ಲಿ ಒಂದು ಬೆಂಚಿನ ಮೇಲೆ ಎಲ್ಲರ ಸಾಮಾನು ಜೋಡಿಸಿದ್ದೆವು. ಕರಣೆ, ತೂಗುಗುಂಡು, ರಸಮಟ್ಟ, ಮೂಲೆಮಟ್ಟ. ಸೊರಬದ ಕಡೆಯ ಒಬ್ಬ ಅಕ್ಕ, ಹೊಸದಾಗಿ ಸೇರಿದವರು, ತಮ್ಮ ಬಾಂಡ್ಲಿಯನ್ನು ತಿಕ್ಕಿ ತೊಳೆದು ತಂದು ಆ ಸಾಲಿನ ಕೊನೆಗೆ ಇಟ್ಟರು. ನಮ್ಮ ದೊಡ್ಡ ಮೇಸ್ತ್ರಿ ಎದ್ದು ಹೋಗಿ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಂಚಿನ ಕೆಳಗೆ ಸರಿಸಿದರು. "ಇದು ಆಯುಧ ಅಲ್ಲಮ್ಮ, ಪಾತ್ರೆ." ಅಕ್ಕ ಏನೂ ಹೇಳಲಿಲ್ಲ. ಮಂಡಕ್ಕಿ, ಕಡ್ಲೆ ಸೆರಗಿಗೆ ಹಾಕಿಸಿಕೊಂಡು ಬಾಂಡ್ಲಿ ಎತ್ತಿಕೊಂಡು ಹೋದರು. ಅದಕ್ಕೆ ಕುಂಕುಮ ಹತ್ತಲೇ ಇಲ್ಲ. ನಾನು ಅಲ್ಲೇ ಕಾಯಿ ಒಡೆಯುತ್ತಿದ್ದೆ. ಬಾಯಿ ಬಿಡಲಿಲ್ಲ. ದೊಡ್ಡ ಮೇಸ್ತ್ರಿಗೆ ಎದುರಾಡುವ ಧೈರ್ಯ ನನಗೂ ಇರಲಿಲ್ಲ ಅನ್ನುವುದೇ ನಿಜ.

ಅವರ ಸಿಟ್ಟು ಬರೀ ದೊಡ್ಡಸ್ತಿಕೆಯದ್ದು ಅಂತ ತಿಳಿದರೆ ತಪ್ಪಾಗುತ್ತದೆ. ನಾವೆಲ್ಲ ಕಲಿತ ರೀತಿ ಹೇಳುತ್ತೇನೆ. ನಾನು ತೀರ್ಥಹಳ್ಳಿ ಕಡೆ ಒಬ್ಬ ಮೇಸ್ತ್ರಿಯ ಹಿಂದೆ ಬಿದ್ದಾಗ ಹದಿನಾರು ವರ್ಷ. ಮೊದಲ ಎರಡು ವರ್ಷ ಮರಳು ಜರಡಿ ಹಿಡಿಯುವುದು, ಇಟ್ಟಿಗೆ ನೆನೆಸುವುದು, ಮೇಸ್ತ್ರಿಯ ಸೈಕಲ್ ತೊಳೆಯುವುದು. ಕೂಲಿ ಇಲ್ಲ. ಊಟ, ಬಸ್ ಚಾರ್ಜು, ಹಬ್ಬಕ್ಕೊಂದು ಅಂಗಿ. ಮೂರನೇ ವರ್ಷದ ಆಯುಧಪೂಜೆ ದಿನ ವೀಳ್ಯದೆಲೆ ಅಡಿಕೆ ಇಟ್ಟು ಕಾಲಿಗೆ ಬಿದ್ದ ಮೇಲೆ ಕರಣೆ ಕೈಗೆ ಬಂತು. ಆದರೂ ಮೂಲೆ ಮುಟ್ಟುವ ಹಾಗಿಲ್ಲ. ಗೋಡೆಯ ಎರಡು ಮೂಲೆ ಮೇಸ್ತ್ರಿಯದ್ದು. ಮೂಲೆ ಸರಿಯಾಗಿ ನಿಂತರೆ ದಾರ ಕಟ್ಟಿ ಮಧ್ಯ ತುಂಬಿಸುವುದು ಕಷ್ಟವಲ್ಲ. ಮೂಲೆ ಎರಡು ಅಡಿಗೆ ಒಂದು ನೂಲು, ಅಂದರೆ ಇಂಚಿನ ಎಂಟನೇ ಒಂದು ಭಾಗ, ವಾಲಿತೋ, ಲಿಂಟಲ್ ಮಟ್ಟಕ್ಕೆ ಹೋಗುವಷ್ಟರಲ್ಲಿ ಹತ್ತಿರಹತ್ತಿರ ಅರ್ಧ ಇಂಚು. ಆಮೇಲೆ ಅದನ್ನು ಪ್ಲಾಸ್ಟರಿನಲ್ಲಿ ಮುಚ್ಚಬೇಕು, ಮನೆ ಯಜಮಾನನ ಸಿಮೆಂಟು ಹಾಳು. ನಾನು ಒಬ್ಬನೇ ಮೂಲೆ ಕಟ್ಟುವ ಹೊತ್ತಿಗೆ ಏಳು ವರ್ಷ ಆಗಿತ್ತು. ಜಂಬಿಟ್ಟಿಗೆ ಕೆತ್ತಿ ಕೂರಿಸುವುದು ಕಲಿಯಲು ಇನ್ನೂ ಒಂದು ಬೇಸಿಗೆ.

ಇದಕ್ಕೆಲ್ಲ ಕಾಗದ ಇಲ್ಲ. ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಮಾಡಿದ ಫಿಟ್ಟರ್‌ಗೆ 1961ರ ಕಾಯ್ದೆ ಪ್ರಕಾರ ಸ್ಟೈಪೆಂಡ್ ಉಂಟು, ಪರೀಕ್ಷೆ ಪಾಸಾದರೆ ಸರ್ಟಿಫಿಕೇಟ್ ಉಂಟು. ನಮಗಿರುವುದು "ಇವನು ಇಂಥವರ ಹುಡುಗ" ಅನ್ನುವ ಒಂದು ಮಾತು, ಅಷ್ಟೇ.

ಈಗ ಏನಾಯಿತೆಂದರೆ, ಒಂದು ವರ್ಷ ಕಲಸು ಕಲಸಿದ ಹುಡುಗ ಬಜಾರಿನಲ್ಲಿ ಕರಣೆ ಕೊಂಡು ಮೇಸ್ತ್ರಿ ಅಂತ ಹೇಳಿಕೊಂಡು ದಿನಕ್ಕೆ ನೂರಿನ್ನೂರು ಕಮ್ಮಿಗೆ ಹೋಗತೊಡಗಿದ. ಜೇಬಿನಲ್ಲಿ ನಮ್ಮದೇ ಸಂಘದ ಗುರುತಿನ ಚೀಟಿ. ಕಾಂಟ್ರಾಕ್ಟರ್ ಹಳಬರಿಗೆ ಅದನ್ನೇ ತೋರಿಸಿ, "ನಿಮ್ಮ ಸಂಘದವನೇ ಅಲ್ವಾ? ನೀವ್ಯಾಕೆ ಜಾಸ್ತಿ ಕೇಳ್ತೀರಿ?" ಅನ್ನುತ್ತಿದ್ದ. ಚೀಟಿಗೆ ಸಹಿ ಹಾಕಿದವನು ನಾನು.

ಮುಂದಿನ ಯುಗಾದಿ ಅಮಾವಾಸ್ಯೆಗೆ ಸಭೆ ಕರೆದೆ. ಅಮಾವಾಸ್ಯೆ ದಿನ ನಮ್ಮಲ್ಲಿ ಕೆಲಸಕ್ಕೆ ರಜೆ. ಅಲ್ಲಿ ನಾನೊಂದು ಭಾಷಣ ಹೊಡೆದೆ. ಸಂಘದಲ್ಲಿ ದೊಡ್ಡವರು ಚಿಕ್ಕವರು ಅಂತಿಲ್ಲ, ನಾವೆಲ್ಲರೂ ಒಂದೇ, ಅಂತ. ಹೊಸಬರು ಚಪ್ಪಾಳೆ ತಟ್ಟಿದರು. ದೊಡ್ಡ ಮೇಸ್ತ್ರಿ ಕೂತಲ್ಲಿಂದಲೇ ಕೇಳಿದರು: "ಹಂಗಾದ್ರೆ ನಾನು ಏಳು ವರ್ಷ ಬಿಟ್ಟಿ ದುಡಿದಿದ್ದು ಎಂಥಕ್ಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನೆಂಟು ಜನ ಹಳಬರು ಚಂದಾ ಕೊಡುವುದು ನಿಲ್ಲಿಸಿದರು.

ಆ ಮಳೆಗಾಲ ಕೆಲಸ ಕಮ್ಮಿ. ಹೊರಗಿನ ಪ್ಲಾಸ್ಟರ್ ಮಾಡುವ ಹಾಗಿಲ್ಲ, ಪಾಯ ತೋಡಿದರೆ ನೀರು. ಒಂದು ನೋಟ್‌ಬುಕ್ ಹಿಡಿದು ಹಳಬರ ಮನೆಮನೆಗೆ ಹೋದೆ. ಒಗ್ಗಟ್ಟಿನ ಮಾತು ಎತ್ತಲಿಲ್ಲ. ಸಂಘದ ಪುಸ್ತಕ ಹೊಸದಾಗಿ ಬರೆಯುತ್ತಿದ್ದೇನೆ, ನಿಮ್ಮ ವಿವರ ಬೇಕು ಅಂದೆ. ಹೆಸರು, ಊರು, ಎಷ್ಟು ವರ್ಷದ ಕೆಲಸ. ಕೊನೆಯಲ್ಲಿ ಒಂದು ಕಾಲಂ: ಯಾರ ಕೈಕೆಳಗೆ ಕಲಿತದ್ದು?

ಆ ಕಾಲಂ ಹಾಕುವಾಗ ನಾನು ಹೆಚ್ಚೇನೂ ಯೋಚಿಸಿರಲಿಲ್ಲ. ಆದರೆ ಅಲ್ಲಿಗೆ ಬಂದ ಕೂಡಲೇ ಎಲ್ಲರ ದನಿ ಬದಲಾಗುತ್ತಿತ್ತು. ಸತ್ತು ಇಪ್ಪತ್ತು ವರ್ಷವಾದ ಗುರುವಿನ ಹೆಸರು ಹೇಳುವಾಗ ಒಬ್ಬರು ಕೂತ ಚಾಪೆಯಿಂದ ಎದ್ದು ನಿಂತರು. ಇನ್ನೊಬ್ಬರು, ಕಲಸು ತೆಳ್ಳಗಾಯಿತೆಂದು ಕೈ ಗಂಟಿನ ಮೇಲೆ ಕರಣೆ ಹಿಡಿಯಿಂದ ತಿಂದ ಪೆಟ್ಟಿನ ಗುರುತು ತೋರಿಸಿದರು. ಒಂದೊಂದು ಮನೆಯಲ್ಲಿ ಎರಡು ತಾಸು, ಎರಡೆರಡು ಸಲ ಕಾಫಿ. ಅವರಿಗೆ ಬೇಕಾಗಿದ್ದು ಆ ಏಳು ವರ್ಷ ಎಲ್ಲಾದರೂ ಲೆಕ್ಕಕ್ಕೆ ಬರುವುದು. ಕೂಲಿಯಿಲ್ಲದೆ ಹುಡುಗರನ್ನು ದುಡಿಸಿಕೊಂಡಿದ್ದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಇವತ್ತಿಗೂ. ಆದರೆ ಐವತ್ತೈದು ವರ್ಷದ ಮನುಷ್ಯನ ಎದುರು ಕೂತು, ನೀನು ಮೋಸ ಹೋದೆ ಕಣೋ, ಅದಕ್ಕೆ ಬೆಲೆ ಇಲ್ಲ ಅಂತ ಹೇಳಲಿಕ್ಕಾಗುತ್ತದಾ? ನನ್ನ ಭಾಷಣ ಹೇಳಿದ್ದು ಅದನ್ನೇ.

ಅದೇ ನೋಟ್‌ಬುಕ್ ಹಿಡಿದು ಹೊಸಬರ ಹತ್ತಿರವೂ ಹೋದೆ. ಹೆಚ್ಚಿನವರು ಕೊನೆಯ ಕಾಲಂ ಖಾಲಿ ಬಿಡಿ ಅಂದರು. ಮಳೆ ಸ್ವಲ್ಪ ಬಿಟ್ಟ ಮೇಲೆ ಇನ್ನೊಂದು ಸಭೆ ಇಟ್ಟು ಪುಸ್ತಕ ಎಲ್ಲರೆದುರು ಓದಿದೆ. ಹಳಬರು ಬಂದರು, ತಮ್ಮ ಗುರುಗಳ ಹೆಸರು ಕೇಳಲಿಕ್ಕೇ ಬಂದರು ಅನ್ನಿ. ಬಾಂಡ್ಲಿ ಅಕ್ಕನ ಸಾಲು ಓದಿ "ಕೈಕೆಳಗೆ: ಯಾರೂ ಇಲ್ಲ" ಅಂದೆ.

"ಬರ್ಕಳಿ ಅಣ್ಣಾ, ಹೇಳ್ತೀನಿ" ಅಂತ ಎದ್ದು ನಿಂತರು. ಹದಿನಾಲ್ಕು ವರ್ಷದ ಕೆಲಸ. ಒಂದು, ಎರಡು, ಮೂರು ಅಂತ ಬೆರಳು ಮಡಚುತ್ತಾ ಆರು ಮೇಸ್ತ್ರಿಗಳ ಹೆಸರು ಹೇಳಿದರು. ಐದನೆಯವರು ನಮ್ಮ ದೊಡ್ಡ ಮೇಸ್ತ್ರಿ. "ಇವರ ಹತ್ರ ಮೂರು ವರ್ಷ ಕಲಸು ಕಲ್ಸಿದ್ದೀನಿ. ಗೋಡೆಗೆ ಒಂದು ಸಿಮೆಂಟಿಗೆ ಆರು ಮರಳು, ಮೌಲ್ಡಿನ ಕೆಳಭಾಗಕ್ಕೆ ಒಂದಕ್ಕೆ ನಾಲ್ಕು. ನಾನು ಕಲ್ಸಿದ್ದನ್ನ ಯಾವತ್ತಾದ್ರೂ ಬಿಸಾಕಿದಾರಾ ಕೇಳಿ."

ಎಲ್ಲರೂ ಅವರ ಕಡೆ ತಿರುಗಿದರು. ದೊಡ್ಡ ಮೇಸ್ತ್ರಿ ಬಾಯಲ್ಲಿದ್ದ ಎಲೆಯಡಿಕೆ ಉಗಿಯಲು ಹೊರಗೆ ಹೋದರು. ವಾಪಸ್ ಬಂದು, "ಇಲ್ಲ. ಬಿಸಾಕಿಲ್ಲ" ಅಂದರು. ಒಂದು ಕ್ಷಣ ಬಿಟ್ಟು, "ಆದ್ರೆ ಗೋಡೆ ಕಟ್ಟಿ ತೋರ್ಸ್ಲಿ" ಅಂದರು.

ಸರಿ, ಎಲ್ಲರೂ ಕಟ್ಟಿ ತೋರಿಸೋಣ ಅಂತ ತೀರ್ಮಾನವಾಯಿತು. ಮೇಸ್ತ್ರಿ ರೇಟು ಕೇಳುವವರು ಯಾರೇ ಇರಲಿ. ನಾನೂ ಸೇರಿ.

ಮೂರ್ನಾಲ್ಕು ವಾರ ಬಿಟ್ಟು ಬಂದ ಅಮಾವಾಸ್ಯೆಗೆ, ಊರಾಚೆ ಸದಸ್ಯರೊಬ್ಬರ ಅರ್ಧ ಕಟ್ಟಿದ ಮನೆಯ ಜಾಗ. ತಲಾ ಒಂದು ಮೂಲೆ, ಎರಡೂ ಕಡೆ ಎರಡೆರಡು ಅಡಿ, ಮೂರು ಅಡಿ ಎತ್ತರ. ಸಿಮೆಂಟ್ ದಂಡ ಬೇಡ ಅಂತ ಮಣ್ಣಿನ ಕಲಸು, ಸಂಜೆ ಬಿಚ್ಚಿದರೆ ಇಟ್ಟಿಗೆ ವಾಪಸ್. ತೂಗುಗುಂಡು ಬಿಟ್ಟು ನೋಡುವುದು, ಮೂಲೆಮಟ್ಟ ಹಿಡಿಯುವುದು, ಒಂದು ವರಸೆಯ ಇಟ್ಟಿಗೆ ಸಂದಿನ ಮೇಲೇ ಇನ್ನೊಂದು ವರಸೆಯ ಸಂದು ಬಂದುಬಿಟ್ಟಿದೆಯಾ ನೋಡುವುದು, ಇಷ್ಟೇ ಪರೀಕ್ಷೆ. ಜಗಳ ಬಂದಿದ್ದು ಅಳೆಯುವವರು ಯಾರು ಅನ್ನುವುದರಲ್ಲಿ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗಲೂ ಭತ್ತ ಅಳೆಯುವ ಕೊಳಗ ದೊಡ್ಡ ತಕರಾರಾಗಿತ್ತು ಅಂತ ನಮ್ಮ ಕಡೆಯ ಹಿರಿಯರು ಹೇಳುತ್ತಾರೆ. ಕೊಳಗ ಯಾರ ಕೈಯಲ್ಲಿದೆ ಅನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಕೊನೆಗೆ ಒಬ್ಬ ಹಳೇ ಮೇಸ್ತ್ರಿ, ಹೊಸಬರಲ್ಲಿ ಒಬ್ಬ ಟೈಲ್ಸ್ ಹುಡುಗ, ಪರಿಚಯದ ಒಬ್ಬ ಇಂಜಿನಿಯರ್. ಕಟ್ಟುವಾಗ ಮೂವರೂ ಆ ಕಡೆ ಸುಳಿಯುವ ಹಾಗಿಲ್ಲ. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಮಾತ್ರ.

ಹತ್ತೊಂಬತ್ತು ಗೋಡೆ ಎದ್ದವು, ಹನ್ನೊಂದು ಪಾಸು. ಬಜಾರಿನ ಕರಣೆಯ ಹುಡುಗರಲ್ಲಿ ಇಬ್ಬರದ್ದು ಕಣ್ಣಳತೆಗೇ ವಾಲಿತ್ತು. ದೊಡ್ಡ ಮೇಸ್ತ್ರಿಯ ಸ್ವಂತ ಶಿಷ್ಯನೊಬ್ಬನದ್ದೂ ಬಿತ್ತು. ನನ್ನದು ಎರಡು ನೂಲು ಹೊರಗೆ. ಸಂಘ, ಆಫೀಸು ಅಂತ ಓಡಾಡಿ ಕೈ ತಪ್ಪಿದೆ ಅಂತ ಸಮಜಾಯಿಷಿ ಹೇಳಿದೆ. ನಕ್ಕರು.

ಅಕ್ಕನ ಗೋಡೆ ತೂಗುಗುಂಡಿನ ದಾರಕ್ಕೆ ಅಂಟಿದ ಹಾಗೆ ನಿಂತಿತ್ತು. ಆದರೆ ಉಳಿದವರು ಮುಗಿಸಿ ಬೀಡಿ ಹಚ್ಚಿ ಊಟಕ್ಕೆ ಕೂತಾಗಲೂ ಅವರದ್ದು ಇನ್ನೂ ಎರಡು ವರಸೆ ಬಾಕಿ. ನಂಬರ್ ಯಾರದ್ದೆಂದು ಗೊತ್ತಾದ ಮೇಲೆ ದೊಡ್ಡ ಮೇಸ್ತ್ರಿ, "ಗೋಡೆ ಸರಿ ಇದೆ. ಕೈ ನಿಧಾನ" ಅಂದರು. "ಕರಣೆ ಕೈಗೆ ಬಂದು ಮೂರು ವಾರ ಆಯ್ತಷ್ಟೆ ಅಣ್ಣಾ" ಅಂದರು ಅಕ್ಕ.

ಇದಾದ ಮೇಲೆ ಸಂಘದಲ್ಲಿ ಮೂರು ದರ್ಜೆ ಮಾಡಿದೆವು. ಕೈಯಾಳು, ಅರೆ ಮೇಸ್ತ್ರಿ, ಮೇಸ್ತ್ರಿ. ಸದಸ್ಯತ್ವ, ಚಂದಾ, ಓಟು ಎಲ್ಲರಿಗೂ ಒಂದೇ, ರೇಟು ಮಾತ್ರ ಮೂರು. ತನ್ನ ದರ್ಜೆಯ ರೇಟಿಗಿಂತ ಕೆಳಗೆ ಯಾರೂ ಇಳಿಯಬಾರದು. ಸರ್ಕಾರದ ಕನಿಷ್ಠ ಕೂಲಿಯ ಪಟ್ಟಿಯಲ್ಲೂ ಕುಶಲ, ಅರೆಕುಶಲ, ಅಕುಶಲ ಅಂತ ಇದೆ. ಹಾಗಾಗಿ ಕಾಂಟ್ರಾಕ್ಟರುಗಳ ಎದುರು ವಾದ ಮಾಡುವುದು ಸುಲಭವಾಯಿತು.

ಕಾರ್ಡಿನ ಸಹಿಯ ಪದ್ಧತಿಯನ್ನೂ ಬದಲಾಯಿಸಿದೆ. ಕಲ್ಯಾಣ ಮಂಡಳಿಯ ಕಾರ್ಡಿಗೆ 18ರಿಂದ 60 ವರ್ಷದೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ ತೊಂಬತ್ತು ದಿನದ ಪತ್ರಕ್ಕೆ ನಾನೊಬ್ಬನೇ ಸಹಿ ಹಾಕುತ್ತಿದ್ದೆ. ಬೀಡಾ ಅಂಗಡಿಯವನೂ ಬಂದು ಕೇಳಿದ್ದುಂಟು. ಈಗ ಆ ಸೈಟಿನ ಮೇಸ್ತ್ರಿ ನಮ್ಮ ಪುಸ್ತಕದಲ್ಲಿ ಮೊದಲು ಸಹಿ ಹಾಕಬೇಕು, ಆಮೇಲೆ ನಾನು. "ಯಾರ್ಯಾರಿಗೋ ಕಾರ್ಡ್ ಕೊಡ್ತೀರಿ" ಅನ್ನುತ್ತಿದ್ದ ಹಳಬರ ಬಾಯಿ ಅಲ್ಲಿಗೆ ನಿಂತಿತು. ಅವರೂ ಒಬ್ಬೊಬ್ಬರಾಗಿ ಕಾರ್ಡ್ ಮಾಡಿಸಿದರು. ಮಾಡಿಸುವಾಗ ಮುಖ ಆಚೆ ತಿರುಗಿಸಿಕೊಂಡಿದ್ದರು, ಅದು ಬೇರೆ ಮಾತು.

ಆಗದೆ ಉಳಿದದ್ದೂ ಇದೆ. ಅರೆ ಮೇಸ್ತ್ರಿಗೆ ಮಧ್ಯಾಹ್ನದ ಮೇಲೆ ಕರಣೆ ಕೊಟ್ಟು ಕಲಿಸುವ ಮೇಸ್ತ್ರಿಗೆ ದಿನಕ್ಕೆ ಐವತ್ತು ರೂಪಾಯಿ ಕಲಿಸುವ ಕೂಲಿ ಕೊಡಿ ಅಂತ ಕಾಂಟ್ರಾಕ್ಟರುಗಳನ್ನು ಕೇಳಿದೆವು. ಇಬ್ಬರು ಕೊಟ್ಟರು, ಉಳಿದವರು ನಕ್ಕರು. ಹೆಂಗಸರ ಕೂಲಿಯಂತೂ ಇನ್ನೂ ಕಗ್ಗಂಟು. ಸಮಾನ ವೇತನದ ಕಾಯ್ದೆ ಬಂದಿದ್ದು 1976ರಲ್ಲಿ. ಅಕ್ಕ ನಮ್ಮ ಪುಸ್ತಕದಲ್ಲಿ ಅರೆ ಮೇಸ್ತ್ರಿ, ಶನಿವಾರದ ಬಟವಾಡೆಯಲ್ಲಿ ಈಗಲೂ ಕೆಲವು ಕಡೆ ಹೆಣ್ಣಾಳು. ಈ ವಿಷಯಕ್ಕೆ ಎರಡು ಸೈಟಿನಲ್ಲಿ ಕೆಲಸ ನಿಲ್ಲಿಸಿದ್ದೇವೆ. ಒಂದರಲ್ಲಿ ಗೆದ್ದೆವು. ಇನ್ನೊಂದರಲ್ಲಿ ಅವರು ಬೇರೆ ಜನ ತಂದರು.

ಈಗ ಹೊಸ ತಲೆನೋವು ಟೈಲ್ಸ್ ಹುಡುಗರದ್ದು. ಅವರ ಹತ್ತಿರ ಲೇಸರ್ ಮಟ್ಟದ ಮೆಷಿನ್ ಇದೆ. ನೆಲದ ಮೇಲಿಟ್ಟು ಗುಂಡಿ ಒತ್ತಿದರೆ ನಾಲ್ಕೂ ಗೋಡೆಗೆ ಹಸಿರು ಗೆರೆ. ತೂಗುಗುಂಡು ಬಿಡಲು ಅವರಿಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಅವರನ್ನು ಯಾವ ದರ್ಜೆಗೆ ಹಾಕುವುದು, ಯಾರ ಕೈಕೆಳಗೆ ಕಲಿತದ್ದು ಅಂತ ಬರೆಯುವುದು? ಒಬ್ಬನನ್ನು ಕೇಳಿದರೆ "ಮೊಬೈಲ್ ನೋಡಿ ಕಲಿತೆ" ಅಂದ. ಹಾಗೇ ಬರೆದಿದ್ದೇನೆ.

ಮೊನ್ನೆ ದೊಡ್ಡ ಮೇಸ್ತ್ರಿ ಆಫೀಸಿಗೆ ಬಂದು ಸುಮಾರು ಹೊತ್ತು ಸುಮ್ನೆ ಕೂತಿದ್ದರು. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಆ ಹುಡುಗ ಹಸಿರು ಲೈಟಿನ ಮೆಷಿನ್ ಎಷ್ಟಕ್ಕೆ ತಗೊಂಡ್ನಂತೆ, ಕೇಳು ಮಾರಾಯ" ಅಂದರು. "ನೀವೇ ಕೇಳಿ, ನಿಮ್ಮ ಸೈಟಲ್ಲೇ ಇದಾನಲ್ಲ" ಅಂದೆ.

"ನಂಗೆ ಹಿಂದಿ ಬರಲ್ಲ" ಅಂದರು. ಆ ಹುಡುಗ ಚೆನ್ನಾಗಿ ಕನ್ನಡ ಮಾತಾಡುತ್ತಾನೆ.