ಸಂಗೀತ ಕಛೇರಿ ಲೈವ್ ಕೊಡೋಕೆ ಮೂರು ಫೋನ್, ಒಂದು ಲ್ಯಾಪ್‌ಟಾಪ್ ಸಾಕು

ಬೆಳಗಾವಿಯ ಕುಮಾರ ಗಂಧರ್ವ ಕಲಾಮಂದಿರ ಇರಲಿ, ನಿಮ್ಮೂರ ಮಠದ ಅಂಗಳ ಇರಲಿ, ಲೈವ್ ಮಾಡೋವಾಗ ಮೊದಲ ದುಡ್ಡು ಧ್ವನಿಗೆ ಹಾಕ್ರಿ. ಚಿತ್ರ ಮಸುಕಾದ್ರೂ ಜನ ಕೂತು ಕೇಳ್ತಾರ, ದನಿ ಒಡೆದ್ರೆ ಎದ್ದು ಹೋಗ್ತಾರ.

ಸೌಂಡ್‌ನವರ ಹತ್ರ ಮಿಕ್ಸರ್‌ನ (ಎಲ್ಲಾ ಮೈಕ್‌ಗಳ ದನಿ ಕೂಡಿಸೋ ಪೆಟ್ಟಿಗೆ) ಆಕ್ಸ್ ಔಟ್, ಅಂದ್ರೆ ಬೇರೆಯಾಗಿ ದನಿ ಕೊಡೋ ಕಿಂಡಿ, ಕೇಳಿ, ದನಿಯನ್ನ ಲ್ಯಾಪ್‌ಟಾಪಿಗೆ ಒಗ್ಗೋ ಹಂಗ ಬದಲಿಸೋ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿಗೆ ತಗೊಳ್ರಿ. ಸಭಾಂಗಣದ ಸ್ಪೀಕರ್‌ಗೆ ಹೋಗೋ ಮೇನ್ ಔಟ್ ಬೇಡ. ಸಣ್ಣ ಸಭಾಂಗಣದಾಗ ತಬಲಾ ಮೈಕ್ ಇಲ್ಲದೇನೂ ಕೇಳ್ತದ, ಅದಕ್ಕ ಮೇನ್‌ನಲ್ಲಿ ಅದನ್ನ ತಗ್ಗಿಸಿರ್ತಾರ. ಲೈವ್‌ನಲ್ಲಿ ನೋಡಿದ್ರೆ ತಬಲಾನೇ ಇರಂಗಿಲ್ಲ. ಆಕ್ಸ್‌ನಲ್ಲಿ ಬೇರೆ ಮಟ್ಟ ಇಡಬಹುದು. ಚಪ್ಪಾಳೆ, ‘ವಾಹ್’ ಬರೋಕೆ ಸಭಿಕರ ಕಡೆ ಇನ್ನೊಂದು ಮೈಕ್ ಇಡ್ರಿ.

ಚಿತ್ರ, ಧ್ವನಿ ಕೂಡಿಸಿ ಲೈವ್ ಕಳಿಸೋ ಸಾಫ್ಟ್‌ವೇರ್‌ಗೆ ಒಬಿಎಸ್ ಸ್ಟುಡಿಯೊ, ಪೂರ್ತಿ ಉಚಿತ. ಮೂರು ಫೋನೇ ಕ್ಯಾಮೆರಾ, ವೈಫೈಲಿ ಲ್ಯಾಪ್‌ಟಾಪಿಗೆ ಚಿತ್ರ ಕಳಿಸ್ತಾವ. ಅವನ್ನ ಸಭಾಂಗಣದ ವೈಫೈಗೆ ಹಾಕಬ್ಯಾಡ್ರಿ, ನಿಮ್ಮದೇ ರೂಟರ್ ಇರಲಿ. ವೈಫೈಲಿ ಬರೋ ಚಿತ್ರ ಧ್ವನಿಗಿಂತ ತಡ ಆಗ್ತದ. ಕಾರ್ಯಕ್ರಮಕ್ಕ ಮೊದಲು ಮೈಕ್ ಮುಂದ ಒಂದು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡ್ರಿ. ಕೈ ಕೂಡೋದಕ್ಕೂ ಸದ್ದಿಗೂ ಎಷ್ಟು ಅಂತರ ಅದನೋ ಅಷ್ಟು ಮಿಲಿಸೆಕೆಂಡ್‌ಗಳನ್ನ ಒಬಿಎಸ್‌ನಾಗ ಆಡಿಯೊದ ಸಿಂಕ್ ಆಫ್‌ಸೆಟ್‌ನಲ್ಲಿ (ದನಿಯನ್ನ ತಡ ಮಾಡೋ ಸೆಟ್ಟಿಂಗ್) ಕೂಡಿಸ್ರಿ. ಸಿತಾರದ ಬೆರಳು ತೋರಿಸೋ ಫೋನ್‌ಗೆ ಇದು ಬಹಳ ಮುಖ್ಯ.

ಫೋನ್ ಕ್ಯಾಮೆರಾದ ಶಟರ್ 1/50 ಸೆಕೆಂಡ್ ಇಡ್ರಿ. ನಮ್ಮ ಕರೆಂಟ್ 50 ಹರ್ಟ್ಸ್, ಇಲ್ಲಾಂದ್ರೆ ದೀಪ ಮಿಣುಕ್ತಾವ. 720ಪಿ ಎಚ್‌ಡಿ ಚಿತ್ರಕ್ಕ ಸುಮಾರು 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್) ಹೋಗ್ತದ, ನೆಟ್‌ನ ಅಪ್‌ಲೋಡ್ ವೇಗ ಅದರ ಎರಡರಷ್ಟಾದ್ರೂ ಇರಲಿ. ಸಭಿಕರು ತುಂಬಿದ ಮೇಲೆ ಮೊಬೈಲ್ ನೆಟ್ ಕುಸೀತದ, ಆದ್ದರಿಂದ ಬ್ರಾಡ್‌ಬ್ಯಾಂಡ್ ಕೇಬಲ್ಲೇ ಎಳೀರಿ. ಯುಟ್ಯೂಬ್ ಚಾನೆಲ್‌ನಲ್ಲಿ ಮೊದಲ ಸಲ ಲೈವ್ ತೆರೆಯೋಕೆ 24 ತಾಸು ಹಿಡೀಬಹುದು, ಎರಡು ದಿನ ಮೊದಲೇ ಆನ್ ಮಾಡಿಡ್ರಿ.