ಮುಟ್ಟಿನ ಹೊಟ್ಟೆನೋವು: ಮಾತ್ರೆ ಯಾವಾಗ, ಶಾಖ ಹೇಗೆ

ಹೆಚ್ಚಿನವರು ಮಾಡುವ ತಪ್ಪು ಒಂದೇ. ಬೆಳಿಗ್ಗೆ ನೋವು ಶುರುವಾದರೂ ಹಲ್ಲುಕಚ್ಚಿ ತಡೆದುಕೊಳ್ಳುತ್ತಾರೆ, ಮಧ್ಯಾಹ್ನ ವಾಂತಿ ಬರುವಂತಾದಾಗ ಮಾತ್ರೆ ನುಂಗುತ್ತಾರೆ, ಆಮೇಲೆ "ಮಾತ್ರೆ ತಾಗಲೇ ಇಲ್ಲ" ಅನ್ನುತ್ತಾರೆ. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟುತ್ತದೆ. ಗರ್ಭಕೋಶ ಹಿಂಡುವುದು, ನೋಯುವುದು ಅದರಿಂದಲೇ. ಕೆಲವರಿಗೆ ಭೇದಿ, ವಾಂತಿ ಆಗುವುದಕ್ಕೂ ಅದೇ ಕಾರಣ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಎಂಬ ನೋವಿನ ಮಾತ್ರೆಗಳು ಹೊಸದಾಗಿ ಅದು ತಯಾರಾಗುವುದನ್ನು ತಡೆಯುತ್ತವೆ, ಆಗಲೇ ತಯಾರಾದದ್ದನ್ನು ಅಳಿಸುವುದಿಲ್ಲ. ಹಾಗಾಗಿ ಸ್ರಾವ ಅಥವಾ ನೋವು ಕಂಡ ಕೂಡಲೇ ಮೊದಲ ಮಾತ್ರೆ ಹೋಗಬೇಕು.

ವಯಸ್ಕರಿಗೆ ಐಬುಪ್ರೊಫೆನ್ 400 ಮಿಲಿಗ್ರಾಂ, 6ರಿಂದ 8 ಗಂಟೆಗೊಮ್ಮೆ. ವೈದ್ಯರು ಹೇಳದೆ ದಿನಕ್ಕೆ 1200 ಮಿಲಿಗ್ರಾಂ ದಾಟಬಾರದು, ಎರಡು-ಮೂರು ದಿನ ಸಾಕು. ಖಾಲಿ ಹೊಟ್ಟೆಗೆ ಬೇಡ. ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿಯಾದರೂ ಒಳಗೆ ಹೋಗಿರಲಿ. ಇದರ ಜೊತೆ ಮೆಫೆನಾಮಿಕ್ ಸೇರಿಸಬಾರದು, ಎರಡೂ ಒಂದೇ ಜಾತಿಯವು. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಇಂಥ ಮಾತ್ರೆಗೆ ಕೆರಳುವ ಅಸ್ತಮಾ ಇದ್ದವರು, ಗರ್ಭ ನಿಂತಿರಬಹುದೆಂಬ ಸಂಶಯ ಇರುವವರು ಇವನ್ನು ತೆಗೆದುಕೊಳ್ಳಬಾರದು. ಮಕ್ಕಳ ಪ್ರಮಾಣ ವೈದ್ಯರೇ ಹೇಳಲಿ. ನಮ್ಮ ಕರಾವಳಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಮುಟ್ಟಿನ ಜೊತೆ ಜ್ವರವೂ ಬಂದರೆ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ.

ಮಾತ್ರೆ ಹಿಡಿಯುವವರೆಗೆ ಶಾಖ ಕೊಡಿ. ಹಾಟ್ ವಾಟರ್ ಬ್ಯಾಗ್ ಇಲ್ಲದಿದ್ದರೆ ಗಟ್ಟಿ ಹತ್ತಿ ಬಟ್ಟೆಯಲ್ಲಿ ಅಂಗೈ ಎರಡರಷ್ಟು ಅಗಲದ ಚೀಲ ಹೊಲಿದುಕೊಳ್ಳಿ. ಎರಡು ಲೋಟ ಅಕ್ಕಿಯನ್ನು ಒಣ ಕಾವಲಿಯಲ್ಲಿ ಸಣ್ಣ ಉರಿಗೆ ಮೂರು-ನಾಲ್ಕು ನಿಮಿಷ ಕೈಯಾಡಿಸಿ ಚೀಲಕ್ಕೆ ಸುರಿದು ಬಾಯಿ ಕಟ್ಟಿ. ಮುಕ್ಕಾಲು ಭಾಗ ತುಂಬಿದರೆ ಸಾಕು, ಆಗಲೇ ಅದು ಹೊಟ್ಟೆಯ ಮೇಲೆ ಹರಡಿ ಕೂರುವುದು. ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ. ಸುಡುವಂತಿದ್ದರೆ ಒಂದು ಬೈರಾಸು ಸುತ್ತಿ. ಕಿಬ್ಬೊಟ್ಟೆಗೆ 15-20 ನಿಮಿಷ, ಆಮೇಲೆ ಸೊಂಟಕ್ಕೆ. ಇಲ್ಲಿನ ಮಳೆಗಾಲದಲ್ಲಿ ಚೀಲದ ಅಕ್ಕಿ ತೇವ ಎಳೆದು ಮುಗ್ಗುತ್ತದೆ, ವಾಸನೆ ಬಂದರೆ ಬದಲಿಸಿ. ಚೀಲ ಇಟ್ಟುಕೊಂಡೇ ನಿದ್ದೆಹೋಗಬೇಡಿ.

ಮುಟ್ಟಿಗೆ ಮುಂಚಿನ ವಾರದ ಕಿರಿಕಿರಿ, ಸ್ತನಭಾರ, ಹೊಟ್ಟೆ ಉಬ್ಬರ, ಅಳು, ಸಿಟ್ಟು, ಇದು ಬೇರೆಯದೇ ಲೆಕ್ಕ. ಅಡುಗೆಮನೆಯ ಗೋಡೆ ಕ್ಯಾಲೆಂಡರಿನಲ್ಲಿ ಸ್ರಾವದ ದಿನಕ್ಕೆ ಸುತ್ತು ಹಾಕಿ; ಮನಸ್ಸು ಕೆಟ್ಟ ದಿನ "ಮ", ಉಬ್ಬರಕ್ಕೆ "ಉ", ನಿದ್ದೆ ಬಾರದಿದ್ದರೆ "ನಿ" ಎಂದು ಬರೆಯಿರಿ. ಎರಡು ತಿಂಗಳಲ್ಲಿ ಚಿತ್ರ ಕಾಣುತ್ತದೆ. ಗುರುತುಗಳೆಲ್ಲ ಸುತ್ತಿನ ಹಿಂದಿನ ದಿನಗಳಲ್ಲೇ ಗುಂಪುಗೂಡಿ, ಸ್ರಾವ ಶುರುವಾಗಿ ಎರಡು-ಮೂರು ದಿನಕ್ಕೆ ಮಾಯವಾದರೆ ಅದು ಪಿಎಂಎಸ್, ಅಂದರೆ ಮುಟ್ಟಿಗೆ ಮುಂಚೆ ಕಾಡುವ ಲಕ್ಷಣಗಳ ಗುಂಪು. ತಿಂಗಳಿಡೀ "ಮ" ಇದ್ದರೆ ಮುಟ್ಟನ್ನು ದೂರಬೇಡಿ, ಖಿನ್ನತೆ ಇದೆಯೇ ಎಂದು ತೋರಿಸಿಕೊಳ್ಳಿ. ಆ ವಾರ ಉಪ್ಪಿನಕಾಯಿ, ಒಣಮೀನು ಕಡಿಮೆ ಮಾಡಿದರೆ ಉಬ್ಬರಕ್ಕೆ ಹಿತ. ದಿನಾ ಅರ್ಧ ಗಂಟೆ ಬಿರುಸು ನಡಿಗೆ, ಆಹಾರದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಕೆಲವರಿಗೆ ನಿಜವಾಗಿ ನೆರವಾಗುತ್ತವೆ. ಬದುಕೇ ಬೇಡವೆನಿಸಿದರೆ ಮುಟ್ಟು ಬರಲೆಂದು ಕಾಯಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ (14416) ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

"ಮದುವೆಯಾದರೆ ಸರಿಹೋಗುತ್ತದೆ" ಎಂಬ ಮಾತನ್ನು ದಯವಿಟ್ಟು ಯಾವ ಹುಡುಗಿಗೂ ಹೇಳಬೇಡಿ. ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮುಟ್ಟಿಲ್ಲದ ದಿನವೂ ಇದ್ದರೆ, ಮಲವಿಸರ್ಜನೆಗೆ ಅಥವಾ ಸಂಭೋಗದಲ್ಲಿ ನೋವಾದರೆ, ಗಂಟೆಗೊಂದು ಪ್ಯಾಡ್ ಒದ್ದೆಯಾಗುತ್ತಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಮಂಗಳೂರಿನವರಿಗೆ ಸರಕಾರಿ ಲೇಡಿಗೋಷನ್ ಆಸ್ಪತ್ರೆ ಇದೆ. ಮುಟ್ಟು ತಡವಾಗಿ, ಒಂದೇ ಬದಿಗೆ ತೀವ್ರ ನೋವು ಬಂದು ತಲೆಸುತ್ತಿದರೆ ಅದೇ ಗಳಿಗೆಗೆ ಆಸ್ಪತ್ರೆಗೆ ಹೊರಡಿ. ವೈದ್ಯರಲ್ಲಿಗೆ ಹೋಗುವಾಗ ಆ ಕ್ಯಾಲೆಂಡರ್ ಹಾಳೆ ಒಯ್ಯಿರಿ. ಸ್ಕ್ಯಾನಿಂಗ್ ಸರಿ ಬಂತೆಂದು ಸುಮ್ಮನಾಗಲೂಬೇಡಿ: ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಎಷ್ಟೋ ಸಲ ಸ್ಕ್ಯಾನಿಂಗ್‌ನಲ್ಲಿ ಕಾಣಿಸುವುದೇ ಇಲ್ಲ.